ಗೆಲ್ಲಬಾರದು, ಸೋಲಲೂಬಾರದು

ಚದುರಂಗ ಆಡಿದ್ರ ತಲಿ ಚುರುಕಾಗತೈತಿ ಅಂತಾರ. ನಂದಂತೂ ದಣದೈತಿ. ರೋಣದಾಗ ಬಟ್ಟಿ ಅಂಗಡಿ ಇಟಗೊಂಡು, ಹೊತ್ತು ಹೋಗ್ಲಿ ಅಂತ ಕಲತ ಆಟ ಇದು. ಪಟ ಹಾಸಿದಲ್ಲೆಲ್ಲಾ ಒಂದಿಲ್ಲೊಂದು ತಂಟೆ ಗಂಟು ಬೀಳತೈತಿ.

೧. ಅಂಗಡಿ ಕಟ್ಟಿ

ನಮ್ಮ ಕಟ್ಟಿ ಮ್ಯಾಲೆ ಆಡಾವ್ರು ಇಬ್ಬರಾದ್ರ ಹೇಳಾವ್ರು ಹತ್ತು ಮಂದಿ. ನಾ ಕುದ್ರಿ ಮುಟ್ಟೂದಕ್ಕ ಒಬ್ಬಾಂವ "ಒಂಟಿ ನಡಸ್ರಿ" ಅಂದ, ಇನ್ನೊಬ್ಬಾಂವ "ಆನಿ ಬಿಡ್ರಿ" ಅಂದ. ಎಲ್ಲಾರ ಮಾತೂ ಕೇಳಿ ಸೋತೆ. ಸೀರಿ ತಗೊಳ್ಳಾಕ ಬಂದ ಮುದುಕಿ ನಿಂತು ನೋಡಿ, "ಇಷ್ಟ ಮಂದಿ ಹೇಳಿಕೊಟ್ರೂ ಸೋತೆಲ್ಲೋ ಯಪ್ಪಾ, ಒಬ್ಬಾಂವನ ಆಡಿದ್ರ ಇನ್ನೇನಾಗ್ತಿತ್ತು?" ಅಂದ್ಳು.

೨. ನರಗುಂದ

ನರಗುಂದದಾಗ ಒಂದು ಪಂದ್ಯಕ್ಕ ನನ್ನ ಪಂಚ ಮಾಡಿ ಕೂಡಿಸಿದ್ರು. ಒಬ್ಬ ಹತ್ತಿ ವ್ಯಾಪಾರಿ ವಜೀರನ ಬಾಜೂಕಿನ ಒಂಟಿ ಮುಂದಿನ ಪ್ಯಾದಿ ಎರಡು ಮನಿ ಸರಿಸಿದ. ಎದರಿಗೆ ಕುಂತ ಸಾಲಿ ಮಾಸ್ತರ್ರೂ ತಮ್ಮ ಕಡೆ ಅಂಥಾದ್ದನ್ನ ಸರಿಸಿದ್ರು. ಮುಂದ ಕುದ್ರಿಗೆ ಕುದ್ರಿ, ಒಂಟಿಗೆ ಒಂಟಿ. ಕಡೀಕ ಆಟ ಸಮಾ ಆತು.

ವ್ಯಾಪಾರಿ ನನ್ನ ಮ್ಯಾಲೆ ಹರಿಹಾಯ್ದ. "ಮಾಸ್ತರ್ರು ಕಾಪಿ ಹೊಡದ್ರಲ್ರಿ. ನೀವು ನೋಡ್ಕೋತ ಕುಂತ್ರಿ?"

ಮಾಸ್ತರ್ರು ಕನ್ನಡಕ ಒರಸ್ಕೋತ ಅಂದ್ರು, "ಜಲ್ಮಪೂರ್ತಿ ಹುಡುಗ್ರನ್ನ ಹಿಡದೀನ್ರಿ. ಒಮ್ಮೆರೆ ನಾನೂ ಹೊಡದು ನೋಡಬೇಕಂತ ಆಸೆ ಇತ್ತು."

೩. ನಮ್ಮ ಮನಿ

ನಮ್ಮ ಮಗಳು ಬಂದ ಬಂದ ವರಾನೆಲ್ಲಾ ಒಲ್ಲೆ ಅಂದಿದ್ಳು. ಗಜೇಂದ್ರಗಡದ ನೇಕಾರರ ಮನಿಯಾವ್ರು ನೋಡಾಕ ಬಂದಾಗ, ಇದೂ ತಪ್ಪಿದ್ರ ಹ್ಯಾಂಗಪಾ ಅಂತ ನಾವಿಬ್ಬರೂ ಗಂಡಾ ಹೆಂಡತಿ ಹೈರಾಣ ಆಗಿದ್ವಿ. ಹುಡುಗನ ಅಪ್ಪ ಮೂಲ್ಯಾಗಿನ ಪಟ ಕಂಡು, "ಒಂದ್ ಆಟ ಆಗ್ಲೇನ್ರಿ?" ಅಂದ್ರು.

ಹೆಂಡತಿ ನನ್ನ ಅಡಗಿಮನಿಗೆ ಕರದ್ಳು. "ಗೆದ್ರ ಅವ್ರಿಗೆ ಸಿಟ್ಟು. ಸೋತ್ರ ಮುಂದ ತಲಿ ಮ್ಯಾಲೆ ಕುಂಡ್ರತಾರ. ನೋಡಿ ಆಡ್ರಿ."

ನನಗ ನರಗುಂದದ ಮಾಸ್ತರ್ರು ನೆನಪಾದ್ರು. ಹುಡುಗನ ಅಪ್ಪ ಯಾವ ಪ್ಯಾದಿ ಸರಿಸಿದ್ರೋ ನಾನೂ ಅದನ್ನ ಸರಿಸಿದೆ. ನಡುವ ಅವ್ರು ವಜೀರನ್ನ ನನ್ನ ಬಾಯಿಗೆ ತಂದಿಟ್ರು. ನಾ ಕಂಡ್ರೂ ಕಾಣಲಾರದಂಗ ಕುಂತೆ. ನಂದು ಸಿಕ್ಕಾಗ ಅವ್ರೂ ಹಂಗ ಕುಂತ್ರು. ಅವ್ರ ಮನಿಯಾಗೂ ಯಾರೋ ಹೇಳಿ ಕಳಿಸಿದಂಗಿತ್ತು. ಆಟ ಸಮಾ ಆತು, ಕೈ ಕುಲುಕಿದ್ವಿ. ಹುಡುಗ ಅಪ್ಪನ ಬಾಜೂಕ ಕುಂತು ಎಲ್ಲಾ ನೋಡಿದ್ದ. ಚಹಾ ಕೊಟ್ಟ ಮಗಳೂ ಬಾಗಲದಾಗ ನಿಂತಿದ್ಳು.

ಅವ್ರು ಹೋದ ಮ್ಯಾಲೆ ಮಗಳನ್ನ ಕೇಳಿದೆ, "ಏನಂತೀಯವಾ?"

"ಇಬ್ಬರೂ ವಜೀರನ್ನ ಬಿಟ್ರಲ್ಲಪ್ಪಾ, ಎರಡೂ ಸಲ ಆತ ಕಂಡಿದ್ದ. ಆತನ ಕಣ್ಣಾಗ ಗೊತ್ತಾತು. ಒಂದ್ ಮಾತು ಆಡ್ಲಿಲ್ಲ. ಆಟ ನೋಡ್ಕೋತ ಬಾಯಿ ಮುಚಗೊಂಡು ಕುಂತ ಗಂಡಸನ್ನ ಇವತ್ತ ಮೊದಲ್ನೇ ಸಲ ನೋಡಿದೆ. ಹೂಂ ಅಂತ ಹೇಳಿಬಿಡು."

ಹೆಂಡತಿ ಚಹಾದ ಕಪ್ಪು ಎತಗೋತ, "ಪುಣ್ಯಾ ಮಾಡಿ ಬಂದೀ ಬಿಡವಾ. ನನಗಂತೂ ಸಿಗಲಿಲ್ಲ" ಅಂದ್ಳು.