ಝುಂಯ್ ಅನ್ನುವ ಬೇಸ್ ಗಿಟಾರಿಗೆ ನಾನು ಕೊಟ್ಟ ಚಿಕಿತ್ಸೆ

ಒಂದು ನಿಮಿಷ ನಿಲ್ಲಿ! ಕೈಯಲ್ಲಿ ಗಿಟಾರ್ ಇದ್ದರೆ ಇರಲಿ, ಸ್ಪ್ಯಾನರ್ ಇದ್ದರೆ ಮಾತ್ರ ದಯವಿಟ್ಟು ಕೆಳಗಿಡಿ. ಇದನ್ನು ಓದಿ ಮುಗಿಸಿದ ಮೇಲೆ ನಿಮ್ಮಿಷ್ಟ. ನನ್ನನ್ನು ಯಾರಾದರೂ ಹೀಗೆ ತಡೆದು ನಿಲ್ಲಿಸಿದ್ದರೆ ನಾನು ಇವತ್ತು ಇಷ್ಟು ಸುಸ್ತಾಗಿರುತ್ತಿರಲಿಲ್ಲ.

ನಾವಿರುವುದು ಸ್ವೀಡನ್ನಿನ ಸುಂಡ್‌ಬೀಬರ್ಯ್‌ನ ಒಂದು ಬಾಡಿಗೆ ಫ್ಲ್ಯಾಟಿನಲ್ಲಿ. ನಾವು ಅಂದರೆ ನಾನು, ನನ್ನ ಹೆಂಡತಿ ಮೇಘನಾ ಮತ್ತು ನನ್ನ ಬೇಸ್ ಗಿಟಾರ್. ಮೇಘನಾ ಬೆಂಗಳೂರಿನಲ್ಲಿ ಗುರುಗಳ ಮುಂದೆ ಕೂತು ಸಂಗೀತ ಕಲಿತವಳು. ನಾನು ವಿಡಿಯೋ ಮುಂದೆ ಕೂತು ಕಲಿತವನು. ಸ್ವೀಡನ್ನಿಗೆ ಬಂದ ಮೇಲೆ ಅವಳು ವೇದಿಕೆಯಲ್ಲಿ ಹಾಡಿರಲೇ ಇಲ್ಲ. ಈ ಸಲ ಇಲ್ಲಿನ ಕನ್ನಡದವರ ಸಂಕ್ರಾಂತಿ ಕಾರ್ಯಕ್ರಮದಲ್ಲಿ ಒಂದು ದೇವರನಾಮ ಹಾಡಲು ಅಂತೂ ಒಪ್ಪಿಕೊಂಡಳು. ಆದರೆ ಕೀಬೋರ್ಡ್ ನುಡಿಸುವವರು ರಜೆಗೆ ಊರಿಗೆ ಹೋಗಿದ್ದರು. ತಬಲಾದವರೂ ಹೋಗಿದ್ದರು.

"ಬಿಡು, ಇನ್ನೊಂದು ಸಲ ನೋಡೋಣ" ಅಂದಳು, ಮುಖ ಸಣ್ಣ ಮಾಡಿಕೊಂಡು.

"ನಾನಿಲ್ವಾ ಮೇಘು? ಬೇಸ್‌ನಲ್ಲಿ ಫ್ಯೂಷನ್ ಮಾಡೋಣ!"

"ಸರಿ ಕಾರ್ತಿ, ನಿನ್ನ ನಂಬ್ತೀನಿ" ಅಂದಳು. ಈ ಮಾತನ್ನು ಯಾರೂ ಯಾರಿಗೂ ಹೇಳಬಾರದು!

ಕಾರ್ಯಕ್ರಮಕ್ಕೆ ಇನ್ನೂ ದಿನವಿತ್ತು. ಪೆಟ್ಟಿಗೆಯಿಂದ ಗಿಟಾರ್ ತೆಗೆದೆ. ತಂತಿಯ ಮೇಲೆ ಬೆರಳಿಟ್ಟು ಮೀಟಿದೆ. 'ಧುಮ್' ಅನ್ನಬೇಕಾದದ್ದು 'ಝುಂಯ್' ಅಂದಿತು. ಗಿಟಾರಿನ ಕುತ್ತಿಗೆಯ ಮೇಲೆ ಅಡ್ಡಡ್ಡ ಲೋಹದ ಪಟ್ಟಿಗಳಿರುತ್ತವಲ್ಲ, ಅವೇ ಫ್ರೆಟ್‌ಗಳು. ತಂತಿ ನಡುಗುವಾಗ ಅವುಗಳಿಗೆ ತಾಗಿದರೆ ಈ ಸದ್ದು ಬರುತ್ತದೆ. ಡಬ್ಬದೊಳಗೆ ಜೇನುನೊಣ ಸಿಕ್ಕಿಕೊಂಡ ಹಾಗೆ.

ರಿಪೇರಿ ಗೊತ್ತಿರುವವರಿಗೆ ತೋರಿಸಬಹುದಿತ್ತು. ಆದರೆ ಸ್ವಂತ ಪ್ರತಿಭೆಯಿಂದ ಕಲಿತವನು ಇನ್ನೊಬ್ಬರ ಬಳಿ ಹೋಗುವುದುಂಟೇ? ವಿಡಿಯೋ ಹಾಕಿದೆ. ಕುತ್ತಿಗೆಯೊಳಗೆ ಒಂದು ಕಬ್ಬಿಣದ ಸರಳು ಇರುತ್ತದಂತೆ, ಅದನ್ನು ಸ್ವಲ್ಪ ಸಡಿಲಿಸಿದರೆ ಆಯಿತಂತೆ. ಈ ದೇಶದಲ್ಲಿ ಮನೆಮನೆಯಲ್ಲೂ ಕಪಾಟು ಜೋಡಿಸಿ ಉಳಿದ, ತಿರುಪು ಬಿಗಿಸುವ ಎಲ್-ಕೀಗಳ ಒಂದು ಡಬ್ಬವಿರುತ್ತದೆ. ಅದರಲ್ಲೊಂದು ಸರಿಯಾಗಿ ಕೂತಿತು. ದೈವಸಂಕಲ್ಪ! ವಿಡಿಯೋದವನು ತಿರುಗಿಸಿದ ಕಡೆಗೇ ತಿರುಗಿಸಿದೆ. ಅವನು ಗಿಟಾರಿನ ತಲೆಯ ಕಡೆಯಿಂದ ನೋಡುತ್ತಿದ್ದ, ನಾನು ಹೊಟ್ಟೆಯ ಕಡೆಯಿಂದ. ಅವನದು ಸಡಿಲವಾಯಿತು. ನನ್ನದು ಇನ್ನಷ್ಟು ಬಿಗಿಯಾಯಿತು.

ಮೊದಲು ಬೆರಳಿಟ್ಟರೆ ಝುಂಯ್ ಅನ್ನುತ್ತಿತ್ತು. ಈಗ ಬೆರಳಿಡದಿದ್ದರೂ ಝುಂಯ್!

ಧೃತಿಗೆಡಲಿಲ್ಲ. ತಂತಿಗಳನ್ನೇ ಮೇಲೆತ್ತಿದರೆ ಪಟ್ಟಿಗೆ ತಾಗುವುದಾದರೂ ಹೇಗೆ? ಕೆಳತುದಿಯ ತಿರುಪುಗಳನ್ನು ಎತ್ತಿದೆ, ಎತ್ತುತ್ತಲೇ ಹೋದೆ. ತಲೆಯ ಕಡೆ ಸದ್ದು ಹಾಗೇ ಉಳಿಯಿತು. ಹೊಟ್ಟೆಯ ಕಡೆ ತಂತಿ ಒತ್ತಲು ಎರಡೂ ಕೈ ಬೇಕಾಯಿತು.

ಮೇಘನಾ ಕಾಫಿ ಹಿಡಿದು ಬಂದು ನೋಡಿದಳು. "ಏನೋ ಇದು? ಹೀಗೇ ಬಿಡು, ಸಾಕ್ಸ್ ಒಣಗಿಸ್ಬಹುದು."

"ಇದು ತಾತ್ಕಾಲಿಕ ಕಣೇ."

"ನನ್ನ ಹಾಡೂ ತಾತ್ಕಾಲಿಕನಾ?"

ನಾನು ಕಾಫಿ ಲೋಟ ಇಸಿದುಕೊಂಡೆ.

ಮರುದಿನ ಆಫೀಸಿನ ಫೀಕಾದಲ್ಲಿ, ಅಂದರೆ ಕೆಲಸ ಬಿಟ್ಟು ಕಾಫಿ ಕುಡಿಯುವುದೇ ಕೆಲಸವಾಗಿರುವ ಆ ಪವಿತ್ರ ಹೊತ್ತಿನಲ್ಲಿ, ಸಹೋದ್ಯೋಗಿ ಆಂಡರ್ಸ್‌ಗೆ ನನ್ನ ಕಷ್ಟ ಹೇಳಿದೆ. ಅವನೂ ಬೇಸ್ ನುಡಿಸುತ್ತಾನೆ. ದಾಲ್ಚಿನ್ನಿ ಬನ್ ತಿಂದು ಮುಗಿಸಿ ಕೇಳಿದ:

"ಗಿಟಾರ್ ಎಲ್ಲಿ ಇಡ್ತೀಯ?"

"ಪೆಟ್ಟಿಗೇಲಿ. ಹೀಟರ್ ಪಕ್ಕ. ಒಳಗೆ ತೇವ ಹೀರೋ ಪುಟ್ಟ ಪೊಟ್ಟಣಗಳನ್ನೂ ತುಂಬಿಸಿಟ್ಟಿದ್ದೀನಿ!" ಹೆಮ್ಮೆಯಿಂದಲೇ ಹೇಳಿದೆ. ಬೆಂಗಳೂರಿನ ಮಳೆಗಾಲದಲ್ಲಿ ನನ್ನ ಹಳೇ ಗಿಟಾರಿಗೆ ಬೂಸ್ಟು ಹಿಡಿದಿತ್ತು. ಅಂದಿನಿಂದ ಶೂ ಡಬ್ಬದಲ್ಲಿ ಬರುವ ಪೊಟ್ಟಣ ಒಂದನ್ನೂ ನಾನು ಎಸೆದವನಲ್ಲ. ಎಲ್ಲವೂ ಗಿಟಾರ್ ಪೆಟ್ಟಿಗೆಗೇ.

ಆಂಡರ್ಸ್ ಉಸಿರನ್ನು ಒಳಗೆಳೆದುಕೊಂಡ. ಇಲ್ಲಿನವರು ಹೌದು ಅನ್ನುವುದಕ್ಕೂ ಹಾಗೇ ಉಸಿರೆಳೆಯುತ್ತಾರೆ. ಇದು ಅದಲ್ಲ ಅಂತ ಗೊತ್ತಾಯಿತು.

"ಕಾರ್ತಿಕ್, ಇದು ಜನವರಿ. ನನ್ನ ತುಟಿಯೇ ಒಡೆದಿದೆ. ಮನೆಯೊಳಗಿನ ಗಾಳಿಯಲ್ಲಿ ತೇವಾನೇ ಇಲ್ಲ. ನೀನು ಮರಾನ ಒಣಮೀನು ಮಾಡಿದ್ದೀಯ. ಒಣಗಿ ಕುತ್ತಿಗೆ ಹಿಂದಕ್ಕೆ ಬಾಗಿದೆ, ಅದಕ್ಕೇ ತಂತಿ ಪಟ್ಟಿಗೆ ತಾಗ್ತಿದೆ. ಇನ್ನೇನೂ ಮುಟ್ಟಬೇಡ. ನಾನು ಸ್ಕೀಯಿಂಗ್ ಮುಗಿಸಿ ಬರ್ತೀನಿ, ಆಮೇಲೆ ನೋಡೋಣ."

ಅವನು ಬರುವ ಹೊತ್ತಿಗೆ ಸಂಕ್ರಾಂತಿ ಮುಗಿದಿರುತ್ತದೆ! ತೇವ ತಾನೇ ಬೇಕು? ನಮ್ಮ ಕಟ್ಟಡದಲ್ಲಿ ಎಲ್ಲರೂ ಸರದಿಯಲ್ಲಿ ಬಳಸುವ ಬಟ್ಟೆ ಒಗೆಯುವ ಕೋಣೆಯಿದೆ. ಒಂದು ಸರದಿ ಕಾದಿರಿಸಿ, ನಮ್ಮ ಹೊದಿಕೆಗಳನ್ನು ಬಿಸಿ ನೀರಿನಲ್ಲಿ ನೆನೆಸಿ, ಆವಿಯ ನಡುವೆ ಗಿಟಾರನ್ನು ಕುರ್ಚಿಯ ಮೇಲೆ ಕೂರಿಸಿದೆ. ಪಕ್ಕದಲ್ಲಿ ನಾನೂ ಕೂತೆ. ಬಾಗಿಲು ತೆರೆಯಿತು. ಕೆಳಗಿನ ಮನೆಯ ಅಜ್ಜಿ, ಬಿರ್ಗಿಟ್ಟಾ. ಗಿಟಾರ್ ನೋಡಿದರು. ನನ್ನನ್ನು ನೋಡಿದರು.

"ಇದನ್ನ ಎಷ್ಟು ಡಿಗ್ರೀಲಿ ಒಗೀತೀರಿ?"

"ಒಗೆಯಲ್ಲ. ಸುಮ್ನೆ ಸ್ವಲ್ಪ ಗಾಳಿಗೆ ಕರ್ಕೊಂಡು ಬಂದೆ."

ಅವರು ಬಹಳ ಸೌಜನ್ಯದಿಂದ ತಲೆಯಾಡಿಸಿ, ತಂದಿದ್ದ ಟವೆಲ್‌ಗಳನ್ನೆಲ್ಲ ತಬ್ಬಿಕೊಂಡು ವಾಪಸ್ ಹೋದರು. ಮರ ಬದಲಾಗಲಿಲ್ಲ. ತಂತಿಗಳಿಗೆ ತುಕ್ಕು ಬಂತು.

ಕಾರ್ಯಕ್ರಮದ ದಿನ ಸಭಾಂಗಣದ ಹಿಂದಿನ ಕೋಣೆಯಲ್ಲಿ ಮೇಘನಾ ರೇಷ್ಮೆ ಸೀರೆಯ ಮೇಲೆ ದಪ್ಪ ಜಾಕೆಟ್ ಹಾಕಿಕೊಂಡು ಕೂತಿದ್ದಳು. ನಾನು ನುಡಿಸಿ ತೋರಿಸಿದೆ. ಝುಂಯ್, ಝುಂಯ್, ಝುಂಯ್. ಅವಳ ಕಣ್ಣು ತುಂಬಿ ಬಂತು. ಫೋನಿನ ಶ್ರುತಿ ಆ್ಯಪನ್ನು ಮೈಕಿಗೆ ಹಿಡಿದೆವು. ಸೊಳ್ಳೆ ಅತ್ತ ಹಾಗೆ ಕೇಳಿಸಿತು.

"ಬೇಡ ಬಿಡು ಕಾರ್ತಿ, ನನ್ನ ಹೆಸರು ತೆಗೆಸ್ಬಿಡು" ಅಂದಳು.

ನಾನು ಬೆರಳಿಡದೆ ಎರಡು ತಂತಿಗಳನ್ನು ಸುಮ್ಮನೆ ಮೀಟುತ್ತಿದ್ದೆ. ಇದ್ದಕ್ಕಿದ್ದಂತೆ ಅವಳು ನನ್ನ ಕೈ ಹಿಡಿದಳು.

"ತಡಿ. ಇನ್ನೊಂದ್ಸಲ ಮೀಟು. ಏನೂ ಒತ್ತಬೇಡ."

ಮೀಟಿದೆ. ಅವಳು ಕಣ್ಣು ಮುಚ್ಚಿ ಸಣ್ಣಗೆ 'ಸಾ' ಹಿಡಿದಳು. ನನ್ನ ಕೈಯಿಂದ ಗಿಟಾರ್ ಕಸಿದುಕೊಂಡು ಎರಡೂ ತಂತಿಗಳನ್ನು ತಾನೇ ಶ್ರುತಿ ಮಾಡಿದಳು.

"ಈ ಎರಡನ್ನೇ, ಒಂದಾದ ಮೇಲೊಂದು. ಎಡಗೈ ಜೇಬಲ್ಲಿಟ್ಕೋ. ನಿನ್ನ ಫ್ಯೂಷನ್ ಅಂತ ಏನಾದ್ರೂ ಶುರು ಮಾಡಿದ್ಯೋ, ಮನೆಗೆ ಬರಬೇಡ!"

ನಾನು ವೇದಿಕೆಯ ಮೇಲೆ, ಹಿಂದಿನ ಪರದೆಯ ಮರೆಯಲ್ಲಿ, ಒಂದು ಕೈ ಜೇಬಿನಲ್ಲಿಟ್ಟು ಕೂತೆ. ಮೇಘನಾ ಹಾಡಿದಳು. ಮೊದಲ ಸಾಲಿನಲ್ಲಿ ಸಣ್ಣ ನಡುಕವಿತ್ತು, ಆಮೇಲೆ ಇರಲಿಲ್ಲ. ಓಡಾಡುತ್ತಿದ್ದ ಮಕ್ಕಳೂ ಎಳ್ಳುಬೆಲ್ಲದ ತಟ್ಟೆ ಹಿಡಿದೇ ನಿಂತರು. ಮುಗಿದ ಮೇಲೆ ಶಾಂತಾ ಆಂಟಿ, ನಮ್ಮ ಕಾರ್ಯಕ್ರಮಗಳ ಖಾಯಂ ವಿಮರ್ಶಕಿ, ಅವಳನ್ನು ತಬ್ಬಿಕೊಂಡು "ಏನ್ ಕಂಠ ಮಗಳೇ! ಆ ತಂಬೂರಿ ಅಂತೂ ಅಮೃತ, ಆ ಝೇಂಕಾರ! ಎಲ್ಲಿಂದ ತರಿಸಿದ್ರಿ?" ಅಂದರು.

ಮೇಘನಾ ನನ್ನ ಕಡೆ ತಿರುಗಿಯೂ ನೋಡಲಿಲ್ಲ. "ಮನೇಲೇ ಮಾಡಿದ್ದು ಆಂಟಿ" ಅಂದಳು.

ಕಥೆ ಇಲ್ಲಿಗೆ ಮುಗಿಯಬೇಕಿತ್ತು. ಆದರೆ ಆಂಡರ್ಸ್ ಸ್ಕೀಯಿಂಗ್ ಮುಗಿಸಿ ಬಂದ, ಗಿಟಾರನ್ನು ಒಯ್ದ, ಪೊಟ್ಟಣಗಳನ್ನು ಎಸೆದ, ಸರಳನ್ನು ಸರಿಯಾದ ಕಡೆಗೆ ತಿರುಗಿಸಿದ, ಹೊಸ ತಂತಿ ಹಾಕಿದ. ಈಗ ಸದ್ದು ಅಪ್ಪಟ ಧುಮ್! ಓಡಿಬಂದು ಮೇಘನಾಗೆ ಕೇಳಿಸಿದೆ.

ಅವಳ ಮುಖ ಬಾಡಿತು. "ಯುಗಾದಿಗೂ ಹಾಡಿ ಅಂದಿದಾರೆ ಕಣೋ. ತಂಬೂರಿ ಜೊತೆ ಬೇಕಂತೆ. ಯಾರೋ ಚೆನ್ನಾಗಿರೋದನ್ನ ಹಾಳು ಮಾಡು ಅಂದ್ರು ನಿಂಗೆ?"

ಹಾಗಾಗಿ, ಪ್ರಿಯ ಓದುಗರೇ, ಎಲ್-ಕೀ ಮತ್ತೆ ನನ್ನ ಕೈಯಲ್ಲಿದೆ. ನಿಮ್ಮಲ್ಲಿ ಯಾರಾದರೂ ಚೆನ್ನಾಗಿ ರಿಪೇರಿಯಾದ ಗಿಟಾರನ್ನು ಮತ್ತೆ ಝುಂಯ್ ಅನ್ನಿಸಿದ್ದರೆ, ಹೇಗೆ ಅಂತ ಕೆಳಗೆ ಬರೆದು ತಿಳಿಸಿ. ನಾನು ವಾರದಿಂದ ಎರಡೂ ಕಡೆಗೆ ತಿರುಗಿಸಿ ನೋಡುತ್ತಿದ್ದೇನೆ. ಹಾಳು ಮಾಡಲೂ ಬರುತ್ತಿಲ್ಲ!