ಮೊಮ್ಮಗಳ ಅಂಗುಳ, ನನ್ನ ಆಡಳಿತ

"ಈ ಮನೆಯಲ್ಲಿ ಕರಾರುವಾಕ್ಕಾಗಿ ಕೆಲಸ ಮಾಡಬಲ್ಲವನು ನಾನೊಬ್ಬನೇ. ಆದ್ದರಿಂದ ಕೀಲಿಕೈ ನನ್ನ ವಶದಲ್ಲಿರತಕ್ಕದ್ದು!" ಎಂದು ಜೂನ್ ಹತ್ತು, ಸೋಮವಾರ, ಸಂಜೆ ಆರು ಗಂಟೆ ಇಪ್ಪತ್ತು ನಿಮಿಷಕ್ಕೆ ಘೋಷಿಸಿದೆ. ಕೀಲಿಕೈ ಎಂದರೆ ತಿಜೋರಿಯದಲ್ಲ, ಮೊಮ್ಮಗಳ ಬಾಯಿಯದು!

ಹತ್ತು ವರ್ಷದ ಆ ಹುಡುಗಿಯನ್ನು ನಾವು ಗುಂಡುಪಿನ್ನು ಎಂದು ಕರೆಯುತ್ತೇವೆ. ಅವಳ ಮೇಲ್ದವಡೆ ಇಕ್ಕಟ್ಟಾಗಿ, ಹಲ್ಲುಗಳು ಫುಟ್‌ಬೋರ್ಡಿನ ಮೇಲೆ ಜೋತುಬಿದ್ದ ಪ್ರಯಾಣಿಕರಂತೆ ಒಂದರ ಹೆಗಲನ್ನೊಂದು ತಳ್ಳುತ್ತಿದ್ದವು. ದಂತವೈದ್ಯೆ ಅಂಗುಳಕ್ಕೆ ಸ್ಕ್ರೂ ಇರುವ ಕ್ಲಿಪ್ಪೊಂದನ್ನು ಕೂರಿಸಿ, ಸೂಜಿಯಂಥ ಕೀಲಿಕೈಯಿಂದ ದಿನಕ್ಕೊಮ್ಮೆ ಅದನ್ನು ಗಂಟಲಿನ ಕಡೆಗೆ ತಿರುಗಿಸಬೇಕೆಂದು ವಿಧಿಸಿದ್ದರು. ಇಪ್ಪತ್ತೆಂಟು ದಿನ, ಇಪ್ಪತ್ತೆಂಟು ತಿರುವು, ಜುಲೈ ಎಂಟಕ್ಕೆ ಮುಕ್ತಾಯ. ಹನ್ನೆರಡಕ್ಕೆ ಶಾಲೆಯ ಐದು ದಿನಗಳ ಪ್ರವಾಸ. "ತಿರುಗಿಸೋದು ಮುಗಿದಿದ್ರೆ ಮಾತ್ರ ಬಾ" ಎಂದು ಶಾಲೆಯ ಮೇಡಂ ಕಟ್ಟುನಿಟ್ಟಾಗಿ ಹೇಳಿದ್ದರು. ಗುಂಡುಪಿನ್ನು ಆಗಲೇ ಗೆಳತಿಯೊಡನೆ ಜಗಳವಾಡಿ ಬಸ್ಸಿನ ಕಿಟಕಿ ಸೀಟನ್ನು ಗೆದ್ದು ಕುಳಿತಿದ್ದಳು. ಮಗನಿಗೂ ಸೊಸೆಗೂ ಬೆಳಗಿನ ಪಾಳಿ. ಹೀಗಾಗಿ ಅಧಿಕಾರ ನನಗೆ ಬಂತು.

ಮೊದಲು ಆಸ್ಪತ್ರೆಯವರು ಕೊಟ್ಟಿದ್ದ ಸೂಚನೆಗಳ ಹಾಳೆಯನ್ನು ಕೈಗೆತ್ತಿಕೊಂಡೆ. ಅದರಲ್ಲಿದ್ದ ನಾಲ್ಕು ಕಾಗುಣಿತ ದೋಷಗಳನ್ನು ಕೆಂಪು ಶಾಯಿಯಲ್ಲಿ ತಿದ್ದಿ, ಹಾಳೆ ಮುದುರದಿರಲೆಂದು ಹಲಗೆಯೊಂದಕ್ಕೆ ಗೋಂದು ಬಳಿದು ಭದ್ರವಾಗಿ ಅಂಟಿಸಿ, ಗೋಡೆಗೆ ತೂಗುಹಾಕಿದೆ.

"ರೀ, ಹಿಂದೆಯೂ ಏನೋ ಬರ್ದಿತ್ತಲ್ರೀ?" ಎಂದಳು ನನ್ನ ಮಡದಿ.

"ಮುಖ್ಯವಾದದ್ದು ಮುಂದೆಯೇ ಇರುತ್ತದೆ. ಹಿಂಬದಿಯಲ್ಲಿರುವುದು ಜಾಹೀರಾತು!"

ಮರುದಿನದಿಂದ ಬೆಳಿಗ್ಗೆ ಏಳು ಹತ್ತಕ್ಕೆ ಸರಿಯಾಗಿ ಟಾರ್ಚು ಹಿಡಿದು ನಾನು ಹಾಜರು. ಮೊಮ್ಮಗಳನ್ನು ಕುರ್ಚಿಯಲ್ಲಿ ಕೂರಿಸಿ, ಕನ್ನಡಕ ಏರಿಸಿ, ಉಸಿರು ಬಿಗಿಹಿಡಿದು ಒಳಗೆ ಇಣುಕುತ್ತಿದ್ದೆ.

"ನೀವು ಹಲ್ಲು ನೋಡ್ತಿದೀರೋ, ಬಾವಿ ಇಳೀತಿದೀರೋ?" ಎಂದು ಅಡುಗೆಮನೆಯಿಂದ ಮಡದಿಯ ವಿಚಾರಣೆ.

"ಥಾಕು ಅಜ್ಜಾ, ಬೇಗ!" ಎಂದು ಕುರ್ಚಿಯಿಂದ ಗುಂಡುಪಿನ್ನಿನ ಅಹವಾಲು. ಕ್ಲಿಪ್ಪಿನ ಕೃಪೆಯಿಂದ ಅವಳ ಬಾಯಲ್ಲಿ 'ಸ' ಎಂಬ ಅಕ್ಷರವೇ ಅಡ್ರೆಸ್ಸಿಗಿರಲಿಲ್ಲ.

ಜೂನ್ ಇಪ್ಪತ್ತು, ಗುರುವಾರ. ಹತ್ತನೆಯ ತಿರುವು ಮುಗಿಸಿ ಟಾರ್ಚನ್ನು ಮುಂದಕ್ಕೆ ತಂದವನು ಅಲ್ಲೇ ಕಲ್ಲಾದೆ. ಎರಡು ಮುಂಬಲ್ಲುಗಳ ನಡುವೆ ಒಂದು ಸಂದು! ಅಕ್ಕಿಕಾಳೊಂದು ಸಲೀಸಾಗಿ ಹಾದುಹೋಗುವಷ್ಟು! ಅಯ್ಯೋ, ಮೊಮ್ಮಗಳ ಮುಖವನ್ನೇ ಎರಡು ಹೋಳು ಮಾಡಿಬಿಟ್ಟೆನೆ?

ಅಲ್ಪಮತಿಗಳಾಗಿದ್ದರೆ ವೈದ್ಯೆಗೆ ಫೋನು ಮಾಡುತ್ತಿದ್ದರು. ನಾನು ಮಾಡಲಿಲ್ಲ. ತಪ್ಪು ಮಾಡಿದವನು ಅದನ್ನು ಸದ್ದಿಲ್ಲದೆ ತಾನೇ ಸರಿಪಡಿಸಬೇಕೆಂಬುದು ನನಗೆ ಬಾಲ್ಯದಲ್ಲಿ ಬೆತ್ತದ ಮುಖಾಂತರ ಬಂದ ವಿದ್ಯೆ. ಮರುದಿನ ಸ್ಕ್ರೂವನ್ನು ತುಟಿಯ ಕಡೆಗೆ, ಅಂದರೆ ಹಿಮ್ಮುಖವಾಗಿ ತಿರುಗಿಸಿದೆ.

"ಅಜ್ಜಾ, ಇವತ್ತು ಉಲ್ಟಾ ತಿರುಗಿದ ಹಾಗಿತ್ತು?"

"ಇದು ಉನ್ನತ ಹಂತ. ನಿನಗೆ ಅರ್ಥವಾಗದು."

ನಾಲ್ಕು ದಿನ ಈ ಉನ್ನತ ಹಂತ ಸಾಂಗವಾಗಿ ನಡೆಯಿತು. ಇಪ್ಪತ್ನಾಲ್ಕರ ಬೆಳಿಗ್ಗೆ ನೋಡುತ್ತೇನೆ, ಸಂದು ಹೆಚ್ಚುಕಡಿಮೆ ಮಾಯ! ನನ್ನ ಬೆನ್ನನ್ನು ನಾನೇ ತಟ್ಟಿಕೊಳ್ಳಲು ಹೋಗಿ ಭುಜ ಉಳುಕಿತು.

ಜೂನ್ ಇಪ್ಪತ್ತೈದು, ಮಂಗಳವಾರ, ಹತ್ತೂವರೆಗೆ ತಪಾಸಣೆ. ಅಂದಿನ ತಿರುವನ್ನು ಅದು ಮುಗಿಯುವವರೆಗೆ ತಡೆಹಿಡಿದಿದ್ದೆ. ವೈದ್ಯೆ ಪುಟ್ಟ ಕನ್ನಡಿಯನ್ನು ಬಾಯಿಯೊಳಗಿಟ್ಟು ಹುಬ್ಬುಗಂಟಿಕ್ಕಿದರು.

"ಇಷ್ಟೊತ್ತಿಗೆ ಮುಂದಿನ ಹಲ್ಲಲ್ಲಿ ಸಂದು ಬಿಡಬೇಕಿತ್ತಲ್ಲ, ಎಲ್ಲಿ?"

"ಬಿಟ್ಟಿತ್ತು ಡಾಕ್ಟರೇ. ನಾನೇ ಮುಚ್ಚಿದೆ!" ಎಂದೆ, ಎದೆಯುಬ್ಬಿಸಿ.

ಕನ್ನಡಿ ಬಾಯಿಂದ ಮೆಲ್ಲಗೆ ಹೊರಬಂತು. "ಅಜ್ಜಾವ್ರೇ, ಸಂದು ಬಂತು ಅಂದ್ರೆ ದವಡೆ ಅಗಲ ಆಗ್ತಿದೆ ಅಂತ. ಅದು ಆಮೇಲೆ ತಾನಾಗೇ ಕೂಡ್ಕೊಳ್ಳುತ್ತೆ. 'ಸಂದು ಬಂದರೆ ಹೆದರಬೇಡಿ' ಅಂತ ಹಾಳೆ ಹಿಂದೆ ದಪ್ಪಕ್ಷರದಲ್ಲಿ ಹಾಕಿದೀವಲ್ಲ, ಓದ್ಲಿಲ್ವಾ?"

"ಹಿಂಬದಿ... ಹಲಗೆಗೆ ಅಂಟಿದೆ."

ನಮ್ಮೊಡನೆ ಬಂದಿದ್ದ ಮಡದಿ ಬಲು ಶ್ರದ್ಧೆಯಿಂದ ಫ್ಯಾನಿನ ರೆಕ್ಕೆಗಳನ್ನು ಎಣಿಸತೊಡಗಿದಳು.

ವೈದ್ಯೆ ಲೆಕ್ಕ ಹಾಕಿದರು. ಹದಿನಾಲ್ಕು ತಿರುವು ಆಗಬೇಕಿದ್ದಲ್ಲಿ, ಹತ್ತರಲ್ಲಿ ನಾಲ್ಕು ಕಳೆದು ಲೆಕ್ಕಕ್ಕೆ ಸಿಕ್ಕಿದ್ದು ಆರೇ. ಇಂದಿನಿಂದ ಸರಿಯಾದ ದಿಕ್ಕಿಗೇ ತಿರುಗಿಸಿದರೂ ಮುಗಿಯುವುದು ಜುಲೈ ಹದಿನಾರಕ್ಕೆ. ಪ್ರವಾಸದ ಬಸ್ಸು ಹೊರಡುವುದು ಹನ್ನೆರಡಕ್ಕೆ.

"ಹಾಗಾದ್ರೆ ಪ್ರವಾಥ?" ಎಂದಳು ಗುಂಡುಪಿನ್ನು. ಗಲ್ಲ ನಡುಗುತ್ತಿತ್ತು. ಆ ಮಾತಿಗೆ ಯಾರೂ ನಗಲಿಲ್ಲ. ಎಪ್ಪತ್ನಾಲ್ಕು ವರ್ಷ ತಾರೀಖುಗಳನ್ನು ಪೂಜಿಸಿದವನು ಮೊದಲ ಸಲ ಕ್ಯಾಲೆಂಡರಿನ ಕಡೆ ನೋಡಲಾರದೆ ತಲೆ ತಗ್ಗಿಸಿದೆ.

ವೈದ್ಯೆ ಅವಳ ತಲೆ ಸವರಿದರು. "ಅಳಬೇಡ ಪುಟ್ಟಾ. ಆ ಐದು ದಿನ ತಿರುಗಿಸೋಕೆ ಮನೆಯವರೊಬ್ಬರು ಜೊತೆಗೆ ಬಂದ್ರೆ ಆಯ್ತು. ನಿಮ್ಮ ಮೇಡಂ ಹತ್ರ ನಾನೇ ಮಾತಾಡ್ತೀನಿ."

ನಾನು ದಿಗ್ಗನೆದ್ದೆ. "ಈ ಹೊಣೆಯನ್ನು ಹೊರಲು ನಾನು ಸಿದ್ಧ!"

ವೈದ್ಯೆ ನನ್ನನ್ನು ಅಡಿಯಿಂದ ಮುಡಿಯವರೆಗೆ ಒಮ್ಮೆ ನೋಡಿ, ಮೊಮ್ಮಗಳ ಕಡೆ ಬಾಗಿ ಕೇಳಿದರು: "ಮನೇಲಿ ದೊಡ್ಡವರು ಯಾರೂ ಇಲ್ವೇನಮ್ಮಾ?"

ನನಗಿಂತ ಏಳು ವರ್ಷ, ಮೂರು ತಿಂಗಳು, ಹನ್ನೊಂದು ದಿನ ಚಿಕ್ಕವಳಾದ ನನ್ನ ಮಡದಿ ಕೈಚೀಲವನ್ನು ಹೆಗಲಿಗೇರಿಸಿ ಎದ್ದು ನಿಂತಳು. "ನಾನಿದೀನಲ್ಲ, ಡಾಕ್ಟ್ರೇ!"