ಮಾವ ಕರಿದ ಕಪ್ಪುಕುಳಿ

೨೦೦೨ರ ಚೌತಿಗೆ ಮೂರು ದಿನ ಇರುವಾಗ ನನ್ನ ಸೋದರಮಾವ ಶಿರಸಿಯಲ್ಲಿ ಕಪ್ಪುಕುಳಿಯೊಂದನ್ನು ಎಣ್ಣೆಯಲ್ಲಿ ಕರಿದರು. ನಾನು ಪತ್ರಿಕೆಯವನು, ಕಣ್ಣಾರೆ ಕಾಣದ್ದನ್ನು ಬರೆಯುವುದಿಲ್ಲ!

ಅಂದು ಅವರ ಮನೆಯಲ್ಲಿ ಚಕ್ಕುಲಿ ಕಂಬಳ, ಅಂದರೆ ಊರವರು ಕೂಡಿ ಚಕ್ಕುಲಿ ಮಾಡುವ ದಿನ. ಕೇರಿಯ ಗಂಡಸರೆಲ್ಲ ಸಾಲಾಗಿ ಕೂತು ಹಿಟ್ಟನ್ನು ಕೈಯಲ್ಲೇ ಹುರಿಮಾಡಿ ಚಕ್ಕುಲಿ ಸುತ್ತಬೇಕು. ಉಳಿದವರು ಐದು ಸುತ್ತು ಸುತ್ತಿದರೆ ಮಾವ ಒಂದಕ್ಕೇ ನಿಲ್ಲಿಸಿ ತುದಿಗೆ ತುದಿ ಅಂಟಿಸಿದರು.

"ಎಂತ ಇದು?" ಎಂದಳು ಅತ್ತೆ.

ಕಪ್ಪುಕುಳಿ ಎಂದರು ಮಾವ.

"ತಿಂಬಲೆ ಅಡ್ಡಿಲ್ಯ?"

ಮಾವ ನಿವೃತ್ತ ಭೌತಶಾಸ್ತ್ರದ ಮಾಸ್ತರು. ಕಪ್ಪುಕುಳಿ ಎಂದರೆ ಬೆಳಕನ್ನೂ ಹೊರಬಿಡದಷ್ಟು ಸೆಳೆತದ ಜಾಗ, ಅದು ಯಾವತ್ತೂ ಚೆಂಡಿನಂತೆ ಗುಂಡಗೇ ಇರುತ್ತದೆ ಎಂದು ವರ್ಷಗಟ್ಟಲೆ ಕಲಿಸಿದ್ದರು. ಆ ವರ್ಷ ಓದಿದ ವಿಜ್ಞಾನ ಪತ್ರಿಕೆ ಬೇರೆ ಹೇಳಿತು: ಉದ್ದ, ಅಗಲ, ಎತ್ತರಗಳ ಜೊತೆ ಇನ್ನೂ ಒಂದು ದಿಕ್ಕಿರುವ ಜಗತ್ತಾದರೆ, ತಿರುಗುವ ಕಪ್ಪುಕುಳಿ ಬಳೆಯ ಆಕಾರದಲ್ಲೂ ಇರಬಲ್ಲದು. ಆ ಹೆಚ್ಚಿನ ದಿಕ್ಕು ಎಲ್ಲಿದೆ ಎಂದು ಕಂಬಳದವರು ಕೇಳಿದರು. ಸಿದ್ದಾಪುರದ ಕಡೆ ಇರಬಹುದು ಎಂದರು ಒಬ್ಬರು. ಎಲ್ಲರೂ ನಕ್ಕರು, ಮಾವ ನಗಲಿಲ್ಲ.

ಹೇಗೆ ನಗುತ್ತಾರೆ? ಹಿಂದೊಮ್ಮೆ ಪರೀಕ್ಷೆಯಲ್ಲಿ ಕಪ್ಪುಕುಳಿಯ ಆಕಾರ ಬರೆಯಿರಿ ಎಂದಾಗ ಒಬ್ಬ ಹುಡುಗಿ ಬಳೆ ಬರೆದಿದ್ದಳು. ಮಾವ ಸೊನ್ನೆ ಕೊಟ್ಟು, ಇದನ್ನು ಕೈಗೆ ಹಾಕಿಕೋ ಎಂದು ಇಡೀ ತರಗತಿಯನ್ನು ನಗಿಸಿದ್ದರು. ಮರುವಾರ ಅವಳು ವಿಜ್ಞಾನ ಬಿಟ್ಟು ಕಲಾ ವಿಭಾಗ ಸೇರಿದಳು.

ಚೌತಿ ಮುಗಿದ ಮರುದಿನ ಮಾವ ನನ್ನನ್ನು ಎಳೆದುಕೊಂಡು ಯಲ್ಲಾಪುರ ದಾಟಿ ಕಿರವತ್ತಿಗೆ ಹೊರಟರು. ಆ ಹುಡುಗಿ ಈಗ ಅಲ್ಲಿ ಹೆದ್ದಾರಿ ಬದಿಯಲ್ಲಿ ಗಂಡನ ಜೊತೆ ಧಾಬಾ ನಡೆಸುತ್ತಿದ್ದಳು. ದಾರಿಯುದ್ದಕ್ಕೂ ಮಾವ ಕ್ಷಮೆ ಕೇಳುವ ತಾಲೀಮು ನಡೆಸಿದರು. ಟಿಕೆಟ್ ಕೊಡಲು ಬಂದ ಕಂಡಕ್ಟರಿಗೂ ತಪ್ಪಾಯಿತು ಎಂದುಬಿಟ್ಟರು!

"ಬರ್ರಿ ಸರ್, ಕೂಡ್ರಿ," ಎಂದಳು ಅವಳು. ಮಾವ ಕೂರಲಿಲ್ಲ. ನಿಂತಲ್ಲೇ ಬಳೆಯಾಕಾರದ ಕಪ್ಪುಕುಳಿಯ ಕತೆಯನ್ನೆಲ್ಲ ಒಪ್ಪಿಸಿ, ಕೊನೆಗೆ ನಿನ್ನ ಉತ್ತರಕ್ಕೆ ಸೊನ್ನೆ ಕೊಟ್ಟದ್ದು ನನ್ನ ತಪ್ಪು ಎಂದರು. ಲಾರಿ ಡ್ರೈವರುಗಳು ಊಟ ನಿಲ್ಲಿಸಿ ಕಿವಿಗೊಟ್ಟರು.

"ನಮ್ಮ ಜಗತ್ತಿನೊಳಗ ನೀವು ಹೇಳಿದ್ದೇ ಖರೆ ಅಲ್ರೀ ಸರ್?" ಎಂದಳು ಅವಳು.

"ಹೌದು. ಆದರೆ ಯಾವ ಜಗತ್ತು ಅಂತ ಪ್ರಶ್ನೆಯಲ್ಲಿ ನಾನು ಬರೆದಿರಲಿಲ್ಲ."

ಅವಳು ಒಳಗೆ ಹೋದಳು. ಬಂದವಳು ತನ್ನ ಮಗಳ ನೋಟ್‌ಬುಕ್ಕನ್ನು ಮಾವನ ಮುಂದಿಟ್ಟಳು.

"ಆ ಲೆಕ್ಕ ಹೆಂಗ ಅಂತ ಬರದು ತೋರಸ್ರಿ."

೨೦೦೭ರಲ್ಲಿ, ಅಂಥ ಬಳೆಯ ನಡುವೆ ಗುಂಡಗಿನ ಕಪ್ಪುಕುಳಿಯೂ ಕೂತಿರಬಹುದು ಎಂಬ ಲೆಕ್ಕ ಹೊರಬಂತು. ಅಷ್ಟರಲ್ಲಿ ಮಾವನಿಗೆ ಕಣ್ಣು ಕಾಣುತ್ತಿರಲಿಲ್ಲ. ಕಿರವತ್ತಿಯಿಂದ ಶಿರಸಿಗೆ ಬಂದು ಅದನ್ನು ಅವರಿಗೆ ಓದಿ ಹೇಳಿದವಳು ಅವಳು.